ಬ್ರಿಸ್ಟಲ್: ಕಡಲು ಕಾಣದ ಬಂದರಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಇಂಗ್ಲೆಂಡಿನ ನೈಋತ್ಯದಲ್ಲಿರುವ ಬ್ರಿಸ್ಟಲ್‌ಗೆ ಓದಲಿಕ್ಕೆ, ಕೆಲಸಕ್ಕೆ, ಮಗಳ ಬಾಣಂತನಕ್ಕೆ ಎಂದು ನಮ್ಮವರು ಬರುತ್ತಲೇ ಇರುತ್ತಾರೆ. ಅವರಿಗೆ ಊರು ತೋರಿಸುವುದು ನನಗೆ ಬಹಳ ವರ್ಷಗಳ ಅಭ್ಯಾಸ. ಬಂದರಿನ ದಂಡೆಯಲ್ಲಿ ನಡೆಯುವಾಗ ಪ್ರತಿ ಸಲವೂ ಹೆಚ್ಚುಕಡಿಮೆ ಇವೇ ಪ್ರಶ್ನೆಗಳು ಬರುತ್ತವೆ. ಬಾಯಲ್ಲಿ ಹೇಳಿದ್ದನ್ನೇ ಇಲ್ಲಿ ಬರೆದಿಟ್ಟಿದ್ದೇನೆ.

ಬಂದರು ನಗರ ಅಂತೀರಿ, ಕಡಲು ಎಲ್ಲಿದೆ?

ಊರಿನ ನಡುವೆ ನಿಂತರೆ ಕಾಣುವುದಿಲ್ಲ. ಹಳೆಯ ಬಂದರು ಇರುವುದು ಏವನ್ ನದಿಯ ಮೇಲೆ, ಅಳಿವೆಯಿಂದ ಸುಮಾರು 10 ಕಿ.ಮೀ. ಒಳಗೆ. ಏವನ್ ನದಿ ಬಾತ್ ನಗರದ ಕಡೆಯಿಂದ ಬಂದು, ಬ್ರಿಸ್ಟಲ್ ದಾಟಿ, ಸುಣ್ಣಕಲ್ಲಿನ ಕಡಿದಾದ ಕಮರಿಯಲ್ಲಿ ಹಾದು, ಏವನ್‌ಮೌತ್ ಎಂಬಲ್ಲಿ ಸೆವರ್ನ್ ನದಿಯ ವಿಶಾಲ ಅಳಿವೆಯನ್ನು ಸೇರುತ್ತದೆ. ಅಲ್ಲಿಂದ ಮುಂದೆ ಬ್ರಿಸ್ಟಲ್ ಚಾನೆಲ್, ಅದರಾಚೆ ಅಟ್ಲಾಂಟಿಕ್.

ಇಷ್ಟು ಒಳಗೆ ಬಂದರು ಕಟ್ಟಿದ್ದಕ್ಕೆ ಕಾರಣವಿತ್ತು. ಬಿರುಗಾಳಿಯ ಭಯವಿಲ್ಲ, ಕಡಲ್ಗಳ್ಳರ ಭಯವೂ ಕಡಿಮೆ, ಒಳನಾಡಿನ ಸಂತೆಗಳು ಹತ್ತಿರ. ಮಧ್ಯಯುಗದ ಸಣ್ಣ ಹಡಗುಗಳಿಗೆ ಇದು ಹೇಳಿ ಮಾಡಿಸಿದ ಜಾಗ. ಹಡಗುಗಳು ದೊಡ್ಡದಾದಂತೆ ಇದೇ ಜಾಗ ಕೊರಳಿಗೆ ಸುತ್ತಿಕೊಂಡಿತು. ಈ ಊರಿನ ಕಥೆಯ ಅರ್ಧ ಭಾಗ ಇದರಲ್ಲೇ ಇದೆ.

ನದಿ ಬರೀ ಕೆಸರು ಕಾಣುತ್ತದಲ್ಲ, ನೀರೆಲ್ಲ ಎಲ್ಲಿ ಹೋಯಿತು?

ನಾನು ಕುಂದಾಪುರದ ಕಡೆಯಿಂದ ಬಂದದ್ದು. ಅಮ್ಮ ಮೊದಲ ಸಲ ಇಲ್ಲಿಗೆ ಬಂದಾಗ ಸೇತುವೆಯ ಮೇಲೆ ನಿಂತು, "ಹೊಳಿ ನೀರೆಲ್ಲ ಎಲ್ಲ್ ಹೋಯ್ತ್ ಮಗಾ?" ಎಂದು ಗಾಬರಿಯಾಗಿದ್ದರು. ಆರು ತಾಸು ಬಿಟ್ಟು ಅದೇ ಸೇತುವೆಗೆ ಕರೆತಂದು ತೋರಿಸಿದೆ. ಕೆಸರಿನ ಕಂದಕವಾಗಿದ್ದಲ್ಲಿ ತುಂಬು ಹೊಳೆ ಇತ್ತು.

ನಮ್ಮ ಕರಾವಳಿಯಲ್ಲಿ ಉಬ್ಬರಕ್ಕೂ ಇಳಿತಕ್ಕೂ ಇರುವ ಎತ್ತರದ ವ್ಯತ್ಯಾಸ ಒಂದೂವರೆ ಮೀಟರಿನ ಆಸುಪಾಸು. ಏವನ್‌ಮೌತ್‌ನಲ್ಲಿ ಹುಣ್ಣಿಮೆ, ಅಮಾವಾಸ್ಯೆಗಳ ದೊಡ್ಡ ಉಬ್ಬರಗಳಲ್ಲಿ ಅದು 14 ಮೀಟರಿನವರೆಗೂ ಹೋಗುತ್ತದೆ. ನಾಲ್ಕು ಅಂತಸ್ತಿನ ಮನೆಯಷ್ಟು ನೀರು ದಿನಕ್ಕೆ ಎರಡು ಬಾರಿ ಏರುತ್ತದೆ, ಎರಡು ಬಾರಿ ಇಳಿಯುತ್ತದೆ. ಜಗತ್ತಿನಲ್ಲಿ ಇದಕ್ಕಿಂತ ದೊಡ್ಡ ಉಬ್ಬರವಿಳಿತಕ್ಕೆ ಹೆಸರಾದದ್ದು ಕೆನಡಾದ ಫಂಡಿ ಕೊಲ್ಲಿ.

ಬ್ರಿಸ್ಟಲ್ ಚಾನೆಲ್ಲಿನ ಆಕಾರವೇ ಇದಕ್ಕೆ ಕಾರಣ. ಅಟ್ಲಾಂಟಿಕ್ ಕಡೆ ಅಗಲ, ಒಳಗೆ ಬಂದಂತೆ ಕಿರಿದು ಮತ್ತು ಆಳ ಕಡಿಮೆ, ಎಣ್ಣೆ ಹೊಯ್ಯುವ ಆಲಿಕೆಯ ಹಾಗೆ. ಒಳನುಗ್ಗಿದ ನೀರಿಗೆ ಅಕ್ಕಪಕ್ಕ ಜಾಗ ಸಿಗದೆ ಮೇಲೇರುತ್ತದೆ. ಜೊತೆಗೆ, ಈ ಚಾನೆಲ್ಲಿನ ಉದ್ದ ಎಷ್ಟಿದೆಯೆಂದರೆ ಅದರೊಳಗೆ ನೀರು ಹೋಗಿ ಬರುವ ಲಯಕ್ಕೂ ಮಹಾಸಾಗರದ ಉಬ್ಬರದ ಲಯಕ್ಕೂ ಹೆಚ್ಚುಕಡಿಮೆ ತಾಳ ಕೂಡುತ್ತದೆ. ಉಯ್ಯಾಲೆಯನ್ನು ಸರಿಯಾದ ಹೊತ್ತಿಗೆ ತಳ್ಳಿದರೆ ಏರುತ್ತ ಹೋಗುತ್ತದಲ್ಲ, ಹಾಗೆ.

ಹಿಂದೆ ಇಲ್ಲಿಗೆ ಬಂದ ಹಡಗುಗಳು ಇಳಿತದ ಹೊತ್ತಿನಲ್ಲಿ ಕೆಸರಿನ ಮೇಲೆ ಕೂತುಬಿಡುತ್ತಿದ್ದವು. ಒಡಲು ಗಟ್ಟಿ ಇಲ್ಲದಿದ್ದರೆ ಬಿರುಕು, ಸಾಮಾನು ಬಿಗಿದು ಕಟ್ಟದಿದ್ದರೆ ಉರುಳಿ ಚೆಲ್ಲಾಪಿಲ್ಲಿ. ಎಲ್ಲವೂ ಅಚ್ಚುಕಟ್ಟಾಗಿದೆ ಎನ್ನಲು ಇಂಗ್ಲಿಷರು ಇಂದಿಗೂ "ಶಿಪ್‌ಶೇಪ್ ಆಂಡ್ ಬ್ರಿಸ್ಟಲ್ ಫ್ಯಾಶನ್" ಎನ್ನುತ್ತಾರೆ. ಆ ಮಾತಿನ ಹಿಂದೆ ಈ ಕೆಸರಿದೆ ಎಂದು ಇಲ್ಲಿನವರು ವಿವರಿಸುತ್ತಾರೆ.

ಹಾಗಾದರೆ ಊರಿನ ನಡುವಿನ ಬಂದರಿನಲ್ಲಿ ನೀರು ಇಳಿಯುವುದೇ ಇಲ್ಲವಲ್ಲ, ಹೇಗೆ?

ಅದು ಮನುಷ್ಯರು ಮಾಡಿದ್ದು. ಹೆಸರು ಫ್ಲೋಟಿಂಗ್ ಹಾರ್ಬರ್. ತೇಲುವುದು ಬಂದರಲ್ಲ, ಅದರೊಳಗಿನ ಹಡಗು. ಉಬ್ಬರವಿರಲಿ, ಇಳಿತವಿರಲಿ, ಹಡಗು ಕೆಸರು ಮುಟ್ಟದೆ ತೇಲುತ್ತಲೇ ಇರಬೇಕು ಎಂಬುದು ಆಗಿನ ವರ್ತಕರ ಹಂಬಲ.

1804ರಲ್ಲಿ ಕೆಲಸ ಶುರುವಾಯಿತು. ವಿಲಿಯಂ ಜೆಸಪ್ ಎಂಬ ಎಂಜಿನಿಯರ್ ಊರೊಳಗಿನ ನದಿಪಾತ್ರವನ್ನು ಎರಡೂ ತುದಿಗಳಲ್ಲಿ ಕಟ್ಟೆ, ಬಾಗಿಲುಗಳಿಂದ ಬಂಧಿಸಿ, ಸುಮಾರು 70 ಎಕರೆಯ ಕೆರೆಯನ್ನೇ ಮಾಡಿದ. ನದಿಯನ್ನು ಕಟ್ಟಿಹಾಕಿದ ಮೇಲೆ ಉಬ್ಬರದ ನೀರು ಓಡಾಡಲು ಬೇರೆ ದಾರಿ ಬೇಕಲ್ಲ? ಅದಕ್ಕಾಗಿ ದಕ್ಷಿಣಕ್ಕೆ ನ್ಯೂ ಕಟ್ ಎಂಬ ಹೊಸ ಪಾತ್ರವನ್ನು ಅಗೆಸಿದ. ಯಂತ್ರಗಳಿಲ್ಲದ ಕಾಲ. ಅಷ್ಟೂ ಮಣ್ಣು, ಬಂಡೆ ಎದ್ದದ್ದು ಹಾರೆ ಗುದ್ದಲಿಯಲ್ಲಿ. ಅಮ್ಮ ಕಂಡು ಬೆಚ್ಚಿದ ಕೆಸರಿನ ಹೊಳೆ ಇದೇ ನ್ಯೂ ಕಟ್. ಕೆರೆಯಾದ ಬಂದರಿಗೆ ಸಿಹಿನೀರು ಪೂರೈಸಲು ಮೇಲಿನಿಂದ ಫೀಡರ್ ಎಂಬ ಇನ್ನೊಂದು ಕಾಲುವೆ ತೋಡಿದರು.

1809ರ ಮೇ 1ರಂದು ಬಂದರು ತೆರೆಯಿತು. ದುಡಿದ ಸಾವಿರ ಮಂದಿಗೆ ಊಟ ಹಾಕಿಸಿದರಂತೆ, ತಲೆಗೊಂದು ಗ್ಯಾಲನ್ ಬಿಯರ್ ಬೇರೆ. ಬಿಯರ್ ಮುಗಿದ ಮೇಲೆ ಇಂಗ್ಲಿಷ್ ಮತ್ತು ಐರಿಷ್ ಕೂಲಿಗಳ ನಡುವೆ ದೊಡ್ಡ ಹೊಡೆದಾಟವೇ ನಡೆಯಿತು.

ಕಟ್ಟಿದ ಖರ್ಚು ತೀರಿಸಲು ಬಂದರಿನ ಸುಂಕ ಏರಿಸಿದರು. ಬರಬೇಕಾದ ಹಡಗುಗಳಲ್ಲಿ ಎಷ್ಟೋ ಲಿವರ್‌ಪೂಲ್ ಹಾದಿ ಹಿಡಿದವು.

ಕಟ್ಟಿಹಾಕಿದ ನೀರಲ್ಲಿ ಹೂಳು ತುಂಬುವುದಿಲ್ಲವೆ?

ತುಂಬಿತು. ಇಪ್ಪತ್ತು ವರ್ಷಗಳಲ್ಲೇ ಹಡಗುಗಳ ತಳ ತಾಗತೊಡಗಿತು. ಮೇಲಾಗಿ ಊರಿನ ಚರಂಡಿಗಳೂ ಅದಕ್ಕೇ ಬಂದು ಬೀಳುತ್ತಿದ್ದವು. ಆಗ ಸಲಹೆ ಕೇಳಿದ್ದು ಇಸಂಬಾರ್ಡ್ ಕಿಂಗ್‌ಡಮ್ ಬ್ರೂನೆಲ್ ಎಂಬ ಇನ್ನೂ ಮೂವತ್ತು ದಾಟದ ತರುಣನನ್ನು.

ಕೆರೆ ಕಂಡ ನಮ್ಮವರಿಗೆ ಅವನ ಉಪಾಯ ಒಂದೇ ಮಾತಿನಲ್ಲಿ ತಿಳಿಯುತ್ತದೆ: ಅಲ್ಲಿ ಕೋಡಿ ಇತ್ತು, ಅವನು ತೂಬು ಇಡಿಸಿದ. ಜೆಸಪ್‌ನ ಕಟ್ಟೆಯಲ್ಲಿ ಹೆಚ್ಚಾದ ನೀರು ಮೇಲಿಂದ ಹರಿದು ಹೋಗುತ್ತಿತ್ತು. ಅದನ್ನು ಓವರ್‌ಫಾಲ್ ಎನ್ನುತ್ತಿದ್ದರು. ಮೇಲಿನ ತಿಳಿನೀರು ಹೋದರೆ ಅಡಿಯ ಹೂಳು ಕದಲುವುದೆಲ್ಲಿಂದ? ಬ್ರೂನೆಲ್ ಕಟ್ಟೆಯ ಅಡಿಯಲ್ಲಿ ತೂಬುಗಳನ್ನು ಮಾಡಿಸಿದ. ಹೊರಗೆ ಇಳಿತವಿದ್ದಾಗ ತೂಬು ತೆರೆದರೆ ಒಳಗಿನ ನೀರು ರಭಸದಿಂದ ನುಗ್ಗಿ ತಳದ ಹೂಳನ್ನು ನ್ಯೂ ಕಟ್‌ಗೆ ಎಳೆದೊಯ್ಯುತ್ತದೆ. ದಂಡೆಯ ಬುಡದ ಕೆಸರನ್ನು ತೂಬಿನ ಕಡೆಗೆ ಗೋರಿ ತರಲು ದೋಣಿಯನ್ನೂ ಮಾಡಿಸಿದರು. ಆ ಜಾಗದ ಹೆಸರೇ ಅಂಡರ್‌ಫಾಲ್ ಯಾರ್ಡ್ ಆಯಿತು. ಇಂದಿಗೂ ಅದೇ ತತ್ತ್ವದ ಮೇಲೆ ಬಂದರಿನ ಹೂಳು ಹೋಗುತ್ತಿದೆ.

ಬ್ರೂನೆಲ್‌ನ ಕೆಲಸಗಳಲ್ಲಿ ಜನ ಕೊಂಡಾಡುವುದು ಸೇತುವೆಯನ್ನು, ಹಡಗನ್ನು. ನನಗೆ ಮಾತ್ರ ಯಾರ ಕಣ್ಣಿಗೂ ಬೀಳದ ಈ ತೂಬೇ ಹೆಚ್ಚು. ಇದಿಲ್ಲದಿದ್ದರೆ ಇವತ್ತು ನೀವು ಫೋಟೋ ತೆಗೆಯುವ ನೀರೇ ಇರುತ್ತಿರಲಿಲ್ಲ.

ಬ್ರಿಸ್ಟಲ್ ಎಂದರೆ ಏನರ್ಥ?

ಹಳೆಯ ಇಂಗ್ಲಿಷಿನ ಬ್ರಿಗ್‌ಸ್ಟೋ, ಅಂದರೆ ಸೇತುವೆ ಇರುವ ಠಾವು. ಕೊನೆಯ "ಲ್" ಬಂದದ್ದು ಇಲ್ಲಿನವರ ನಾಲಿಗೆಯಿಂದ. ಸ್ವರದಿಂದ ಮುಗಿಯುವ ಪದಗಳಿಗೆ ಲಕಾರ ಹಚ್ಚುವ ರೂಢಿ ಹಳೆಯ ತಲೆಮಾರಿನ ಮಾತಿನಲ್ಲಿ ಇನ್ನೂ ಕೇಳಿಸುತ್ತದೆ.

ಗಾಜು, ಹಿತ್ತಾಳೆ, ಸೀಸ ಎಲ್ಲಕ್ಕೂ ಈ ಊರು ಹೆಸರಾದದ್ದು ಏಕೆ?

ನೆಲದಲ್ಲಿ ಸಿಕ್ಕಿದ್ದು, ನೀರಿನ ಮೇಲೆ ಬಂದದ್ದು ಎರಡೂ ಇಲ್ಲಿ ಕೂಡಿದವು. ಪೂರ್ವದ ಕಿಂಗ್ಸ್‌ವುಡ್‌ನಲ್ಲಿ, ದಕ್ಷಿಣದ ಬೆಡ್‌ಮಿನ್‌ಸ್ಟರ್‌ನಲ್ಲಿ ಕಲ್ಲಿದ್ದಲು. ದಕ್ಷಿಣಕ್ಕೆ ಮೆಂಡಿಪ್ ಗುಡ್ಡಗಳಲ್ಲಿ ಸೀಸ ಮತ್ತು ಸತುವಿನ ಅದಿರು. ರೆಡ್‌ಕ್ಲಿಫ್‌ನಲ್ಲಿ ಹೆಸರಿಗೆ ತಕ್ಕ ಕೆಂಪು ಮರಳುಗಲ್ಲು. ಗಾಜಿಗೆ ಮರಳು ಬೇಕೆಂದು ಅದನ್ನು ಕೊರೆದು ಕೊರೆದು ನೆಲದಡಿ ಗುಹೆಗಳ ಜಾಲವೇ ಆಗಿದೆ. ಕಡುನೀಲಿ ಬಣ್ಣದ ಬ್ರಿಸ್ಟಲ್ ಗಾಜು 18ನೇ ಶತಮಾನದಲ್ಲಿ ದೂರದೂರಕ್ಕೆ ಹೋಯಿತು.

ಅದೇ ರೆಡ್‌ಕ್ಲಿಫ್‌ನಲ್ಲಿ ವಿಲಿಯಂ ವಾಟ್ಸ್ ಎಂಬ ಕೊಳಾಯಿ ಕೆಲಸದವನು ಕರಗಿದ ಸೀಸವನ್ನು ಜರಡಿಯ ಮೂಲಕ ಎತ್ತರದಿಂದ ನೀರಿಗೆ ಬೀಳಿಸಿದರೆ ಹನಿಗಳು ಗಾಳಿಯಲ್ಲೇ ದುಂಡಗಾಗುತ್ತವೆ ಎಂದು ಕಂಡುಕೊಂಡ. ಬೀಳುವ ಎತ್ತರ ಸಾಲದೆಂದು ತನ್ನ ಮನೆಯ ಮೇಲೆ ಗೋಪುರವೇರಿಸಿದ. 1782ರಲ್ಲಿ ಪೇಟೆಂಟ್ ಸಿಕ್ಕಿತು. ಆ ಗೋಪುರವನ್ನು 1968ರಲ್ಲಿ ರಸ್ತೆ ಅಗಲ ಮಾಡಲು ಕೆಡವಿದರು.

ಹಿತ್ತಾಳೆಯ ಕಥೆಗೆ ಭಾರತದ ನಂಟೂ ಇದೆ. ತಾಮ್ರಕ್ಕೆ ಸತು ಬೆರೆತರೆ ಹಿತ್ತಾಳೆ. ಆದರೆ ಸತುವನ್ನು ಅದಿರಿನಿಂದ ಬೇರೆಯಾಗಿ ತೆಗೆಯುವುದು ಬಹಳ ಕಷ್ಟ. ಕಾದಾಗ ಅದು ಆವಿಯಾಗಿ ಹಾರಿಹೋಗುತ್ತದೆ. ಬ್ರಿಸ್ಟಲ್‌ನ ವಿಲಿಯಂ ಚಾಂಪಿಯನ್ 1738ರಲ್ಲಿ ಆ ಆವಿಯನ್ನು ಕೆಳಮುಖವಾಗಿ ಇಳಿಸಿ ತಣಿಸುವ ಕುಲುಮೆಗೆ ಪೇಟೆಂಟ್ ಪಡೆದ. ಯುರೋಪಿಗೆ ಇದು ಹೊಸದು. ರಾಜಸ್ಥಾನದ ಜಾವರ್‌ನಲ್ಲಿ ನಮ್ಮ ಕುಲುಮೆಯವರು ಇದೇ ರೀತಿ ಆವಿ ಇಳಿಸಿ ಸತು ತೆಗೆಯುವುದನ್ನು ಶತಮಾನಗಳ ಹಿಂದೆಯೇ ಮಾಡುತ್ತಿದ್ದರು. ಪೇಟೆಂಟಿನಲ್ಲಿ ಹೆಸರಿಲ್ಲದ ಆ ಕೈಗಳನ್ನು ನೆನೆಯದೆ ನಾನು ಈ ಕಥೆ ಹೇಳುವುದಿಲ್ಲ.

ಕುಲುಮೆಯ ಕಿಟ್ಟವನ್ನೂ ಅವರು ಎಸೆಯಲಿಲ್ಲ. ಕಪ್ಪು ಇಟ್ಟಿಗೆಯಾಗಿ ಅಚ್ಚು ಹೊಯ್ದು ಗೋಡೆ ಕಟ್ಟಿದರು. ಬ್ರಿಸ್ಲಿಂಗ್‌ಟನ್‌ನಲ್ಲಿರುವ ಬ್ಲಾಕ್ ಕ್ಯಾಸಲ್ ಎಂಬ ಕಟ್ಟಡ ಪೂರ್ತಿ ಅಂಥದ್ದು, ಇದ್ದಿಲಲ್ಲಿ ಕಡೆದ ಹಾಗಿದೆ.

ಈ ಸಂಪತ್ತಿಗೂ ಗುಲಾಮರ ವ್ಯಾಪಾರಕ್ಕೂ ಏನು ಸಂಬಂಧ?

ಇದನ್ನು ಕೆಲವರು ಮುಜುಗರದಿಂದ ಕೇಳುತ್ತಾರೆ. ಮುಜುಗರ ಬೇಡ, ಕೇಳಲೇಬೇಕಾದ ಪ್ರಶ್ನೆ.

1698ರವರೆಗೆ ಆಫ್ರಿಕಾದ ವ್ಯಾಪಾರ ಲಂಡನ್ನಿನ ಕಂಪನಿಯೊಂದರ ಏಕಸ್ವಾಮ್ಯ. ಅದು ಮುರಿದ ಕೂಡಲೇ ಬ್ರಿಸ್ಟಲ್ ವರ್ತಕರು ನುಗ್ಗಿದರು. 1730ರ ದಶಕದಲ್ಲಿ ಇದು ಬ್ರಿಟನ್ನಿನ ಮೊದಲ ಗುಲಾಮ ವ್ಯಾಪಾರದ ಬಂದರಾಗಿತ್ತು. ಆಮೇಲೆ ಲಿವರ್‌ಪೂಲ್ ಮುಂದೆ ಹೋಯಿತು. ಬ್ರಿಸ್ಟಲ್ ಹಡಗುಗಳು ಸಾಗಿಸಿದ ಆಫ್ರಿಕನ್ನರ ಸಂಖ್ಯೆ ಸುಮಾರು 5 ಲಕ್ಷ ಎಂದು ಲೆಕ್ಕ.

ಮೇಲೆ ಹೇಳಿದ ಉದ್ಯಮಗಳಲ್ಲಿ ಬಹುತೇಕ ಎಲ್ಲವೂ ಇದಕ್ಕೆ ಹೆಣೆದುಕೊಂಡಿದ್ದವು. ಇಲ್ಲಿನ ಹಿತ್ತಾಳೆಯ ಪಾತ್ರೆ, ಬಳೆ ಆಫ್ರಿಕಾದ ದಂಡೆಗೆ ಹೋದವು, ಅವಕ್ಕೆ ಬದಲಾಗಿ ಮನುಷ್ಯರನ್ನು ಹಡಗಿಗೆ ತುಂಬಿದರು. ಅವರನ್ನು ಕೆರಿಬಿಯನ್ ದ್ವೀಪಗಳಲ್ಲಿ, ವರ್ಜೀನಿಯಾದಲ್ಲಿ ಮಾರಿ, ಅವರೇ ಬೆಳೆದ ಸಕ್ಕರೆ, ತಂಬಾಕು ಹೇರಿಕೊಂಡು ಏವನ್ ನದಿಗೆ ಮರಳಿದರು. ಗುಲಾಮರು ಈ ಊರಿನ ದಂಡೆಯಲ್ಲಿ ಇಳಿದದ್ದು ಬಹಳ ಕಡಿಮೆ. ಹಾಗಾಗಿಯೇ ಊರು ತನ್ನ ಕೈ ನೋಡಿಕೊಳ್ಳದೆ ಬಹುಕಾಲ ಇದ್ದುಬಿಟ್ಟಿತು.

1807ರಲ್ಲಿ ವ್ಯಾಪಾರ ನಿಷೇಧವಾಯಿತು. 1833ರ ಕಾಯ್ದೆಯಲ್ಲಿ ಗುಲಾಮಗಿರಿ ತೆಗೆಯಲು 2 ಕೋಟಿ ಪೌಂಡ್ ಪರಿಹಾರ ಗೊತ್ತುಮಾಡಿದರು. ಅದು ಸಂದದ್ದು ಮಾಲೀಕರಿಗೆ. ದುಡಿದವರಿಗೆ ಒಂದು ಪೆನ್ನಿಯೂ ಇಲ್ಲ.

ಇದನ್ನು ಕಣ್ಣಾರೆ ಕಾಣಬೇಕೆಂದರೆ ಗ್ರೇಟ್ ಜಾರ್ಜ್ ಸ್ಟ್ರೀಟಿನ ಜಾರ್ಜಿಯನ್ ಹೌಸ್‌ಗೆ ಹೋಗಿ. ನೆವಿಸ್ ದ್ವೀಪದ ಕಬ್ಬಿನ ತೋಟದಲ್ಲಿ ದುಡ್ಡು ಮಾಡಿದ ಜಾನ್ ಪಿನ್ನಿಯ ಮನೆ ಅದು. ಅವನ ಜೊತೆ ಪೆರೊ ಎಂಬ ಗುಲಾಮನೂ ಆ ಮನೆಯಲ್ಲಿದ್ದ. ಬಂದರಿನ ಮೇಲೆ ಎರಡು ದೊಡ್ಡ ಕೊಂಬುಗಳಿರುವ ಕಾಲುಸೇತುವೆಗೆ 1999ರಲ್ಲಿ ಪೆರೊನ ಹೆಸರಿಟ್ಟರು.

ನೀರಿಗೆಸೆದ ಆ ಪ್ರತಿಮೆ ಈಗ ಎಲ್ಲಿದೆ?

ಎಡ್ವರ್ಡ್ ಕೋಲ್‌ಸ್ಟನ್‌ನದು. ಗುಲಾಮ ವ್ಯಾಪಾರದ ಹಣದಲ್ಲಿ ಶಾಲೆ, ಧರ್ಮಶಾಲೆ ಕಟ್ಟಿಸಿದವನು. 1895ರಲ್ಲಿ ನಿಲ್ಲಿಸಿದ ಪ್ರತಿಮೆಯನ್ನು 2020ರ ಜೂನ್ 7ರಂದು ಜನ ಹಗ್ಗ ಹಾಕಿ ಕೆಡವಿ, ಉರುಳಿಸಿಕೊಂಡು ಹೋಗಿ ಬಂದರಿಗೆ ತಳ್ಳಿದರು. ಈಗ ಎಂ ಶೆಡ್ ಮ್ಯೂಸಿಯಮ್ಮಿನಲ್ಲಿ, ಮೈಮೇಲೆ ಅಂದಿನ ಬಣ್ಣದ ಗೀಚುಗಳ ಸಮೇತ, ಮಲಗಿಸಿ ಇಟ್ಟಿದ್ದಾರೆ. ಹಾಗೆ ಇಟ್ಟದ್ದೇ ಸರಿ ಎಂದು ನನ್ನ ಅಭಿಪ್ರಾಯ.

ತೂಗುಸೇತುವೆ, ಕಬ್ಬಿಣದ ಹಡಗು, ಇವುಗಳಲ್ಲಿ ಯಾವುದನ್ನು ಮೊದಲು ನೋಡಬೇಕು?

ಹಡಗು. ಎಸ್‌ಎಸ್ ಗ್ರೇಟ್ ಬ್ರಿಟನ್ 1843ರ ಜುಲೈ 19ರಂದು ಇಲ್ಲೇ ನೀರಿಗಿಳಿಯಿತು. 98 ಮೀಟರ್ ಉದ್ದ. ಕಬ್ಬಿಣದ ಒಡಲು ಮತ್ತು ತಿರುಗುವ ಪ್ರೊಪೆಲರ್ ಎರಡನ್ನೂ ಮಹಾಸಾಗರ ದಾಟುವ ಹಡಗಿನಲ್ಲಿ ಮೊದಲು ಕೂಡಿಸಿದ್ದು ಇದರಲ್ಲಿ. ಆದರೆ ಬಂದರಿನ ಬಾಗಿಲಿಗಿಂತ ಹಡಗೇ ಅಗಲ! ಬಾಗಿಲು ಬಿಡಿಸಿ ಹೊರಗೆ ತರುವ ಹೊತ್ತಿಗೆ 1844ರ ಡಿಸೆಂಬರ್ ಆಗಿತ್ತು. ಇಂಥ ಹಡಗುಗಳಿಗೆ ಈ ನದಿ ಸಾಲದು ಎಂಬುದು ಅಂದೇ ಎಲ್ಲರಿಗೂ ಕಂಡಿತು.

ಮುಂದೆ ಆಸ್ಟ್ರೇಲಿಯಾಕ್ಕೆ ವಲಸಿಗರನ್ನು ಒಯ್ದಿತು. 1857ರ ದಂಗೆಯನ್ನು ಅಡಗಿಸಲು ಭಾರತಕ್ಕೆ ಸೈನಿಕರನ್ನೂ ತಂದಿತು. ಕೊನೆಗೆ ಫಾಕ್‌ಲ್ಯಾಂಡ್ ದ್ವೀಪಗಳಲ್ಲಿ ಗೋದಾಮಾಗಿ, 1937ರಲ್ಲಿ ಅಲ್ಲೇ ಆಳವಿಲ್ಲದ ನೀರಿನಲ್ಲಿ ಬಿಟ್ಟುಬಿಟ್ಟರು. 1970ರಲ್ಲಿ ಅದನ್ನು ಎತ್ತಿ, ತೇಲುವ ವೇದಿಕೆಯ ಮೇಲಿಟ್ಟು ಅಟ್ಲಾಂಟಿಕ್ ದಾಟಿಸಿ, ಹುಟ್ಟಿದ ಡಾಕಿಗೇ ತಂದು ಸೇರಿಸಿದರು. ಅದೂ ಜುಲೈ 19ರಂದೇ. ತುಕ್ಕು ಹಿಡಿದ ತಳ ಉದುರದಂತೆ ಸುತ್ತ ಗಾಜಿನ ಹೊದಿಕೆ ಹಾಕಿ, ಒಳಗಿನ ಗಾಳಿಯ ತೇವ ತೆಗೆಯುತ್ತಾರೆ. ಗಾಜಿನ ಕೆಳಗಿಳಿದು ಆ ಒಡಲಿನ ಪಕ್ಕ ನಿಲ್ಲಿ.

ಕ್ಲಿಫ್ಟನ್ ತೂಗುಸೇತುವೆಗೆ 1831ರಲ್ಲಿ ಅಡಿಗಲ್ಲು. ಹಣ ಮುಗಿದು ದಶಕಗಳು ಬರೀ ಕಂಬ ನಿಂತಿದ್ದವು. ಬ್ರೂನೆಲ್ 1859ರಲ್ಲಿ ತೀರಿಕೊಂಡ ಮೇಲೆ ಅವನ ನೆನಪಿಗೆಂದು ಸಹ ಎಂಜಿನಿಯರುಗಳು 1864ರಲ್ಲಿ ಮುಗಿಸಿದರು. ಅದಕ್ಕೆ ಬಳಸಿದ ಸರಪಳಿಗಳು ಲಂಡನ್ನಿನಲ್ಲಿ ಅವನೇ ಕಟ್ಟಿದ್ದ ಇನ್ನೊಂದು ಸೇತುವೆಯವು.

ಕಾರ್ನ್ ಸ್ಟ್ರೀಟಿನ ಗಡಿಯಾರಕ್ಕೆ ಎರಡು ನಿಮಿಷದ ಮುಳ್ಳುಗಳು ಏಕೆ?

ಬ್ರಿಸ್ಟಲ್ ಲಂಡನ್ನಿಗಿಂತ ಪಶ್ಚಿಮಕ್ಕಿದೆ, ಇಲ್ಲಿ ನಡುಹಗಲು ಹತ್ತು ನಿಮಿಷ ತಡ. ರೈಲು ಬರುವವರೆಗೆ ಅದು ಯಾರಿಗೂ ತೊಂದರೆಯಾಗಿರಲಿಲ್ಲ. 1841ರಲ್ಲಿ ಲಂಡನ್ನಿನಿಂದ ರೈಲು ಓಡತೊಡಗಿದಾಗ ಒಂದು ಮುಳ್ಳು ಊರಿನ ಹೊತ್ತಿಗೆ, ಒಂದು ರೈಲಿನ ಹೊತ್ತಿಗೆ ಎಂದಾಯಿತು. 1852ರಲ್ಲಿ ಊರು ಲಂಡನ್ ಸಮಯಕ್ಕೆ ಒಪ್ಪಿಕೊಂಡಿತು. ಮುಳ್ಳನ್ನು ಮಾತ್ರ ಬಿಡಲಿಲ್ಲ.

ವಿಲ್ಸ್ ಸಿಗರೇಟು ಇಲ್ಲಿಯದಂತೆ, ಹೌದೆ?

ಹೌದು. ನಮ್ಮೂರ ಗೂಡಂಗಡಿಗಳಲ್ಲಿ ಕೇಳಿದ ಹೆಸರು ಈ ಊರಿನ ವಿಲ್ಸ್ ಮನೆತನದ್ದು. ಬೆಡ್‌ಮಿನ್‌ಸ್ಟರ್‌ನಲ್ಲಿ ಅವರ ಕಾರ್ಖಾನೆಗಳಲ್ಲಿ ಸಾವಿರಾರು ಹೆಂಗಸರು ದುಡಿದರು. ಉಳಿದ ಒಂದು ಭಾಗ ಈಗ ನಾಟಕಶಾಲೆ. ಕಂಬರ್‌ಲ್ಯಾಂಡ್ ಬೇಸಿನ್ ಬಳಿಯ ಕೆಂಪಿಟ್ಟಿಗೆಯ ಮೂರು ಭಾರೀ ಕಟ್ಟಡಗಳು ಸುಂಕ ಕಟ್ಟುವವರೆಗೆ ತಂಬಾಕು ಇಡುತ್ತಿದ್ದ ಗೋದಾಮುಗಳು. ಒಂದರಲ್ಲಿ ಈಗ ಊರಿನ ದಾಖಲೆಗಳಿವೆ. ವಿಶ್ವವಿದ್ಯಾಲಯದ ಗೋಪುರವೂ ತಂಬಾಕಿನ ದುಡ್ಡೇ.

ಚಾಕೊಲೇಟಿನ ಸಂಗತಿಯೂ ಇದೆ. ಕ್ವೇಕರ್ ಪಂಥದ ಫ್ರೈ ಕುಟುಂಬ 1847ರಲ್ಲಿ ತಿನ್ನುವ ಚಾಕೊಲೇಟನ್ನು ಅಚ್ಚಿನಲ್ಲಿ ಹೊಯ್ದು ಬಾರ್ ಮಾಡಿ ಮಾರಿತು. ಅದಕ್ಕೆ ಮುಂಚೆ ಚಾಕೊಲೇಟ್ ಎಂದರೆ ಹೆಚ್ಚಾಗಿ ಕುಡಿಯುವ ಪದಾರ್ಥ.

ಬೆಂಗಳೂರಿಗೂ ಬ್ರಿಸ್ಟಲ್‌ಗೂ ನಂಟಿದೆಯೆ?

ಇದೆ, ಆಕಾಶದಲ್ಲಿ. ಊರಿನ ಉತ್ತರಕ್ಕೆ ಫಿಲ್ಟನ್ ಎಂಬಲ್ಲಿ 1910ರಲ್ಲಿ ಟ್ರಾಮ್ ಕಂಪನಿಯ ಒಡೆಯ ಜಾರ್ಜ್ ವೈಟ್ ವಿಮಾನ ಕಾರ್ಖಾನೆ ತೆರೆದ. ಬ್ರಿಟನ್ನಿನಲ್ಲಿ ಕಟ್ಟಿದ ಮೊದಲ ಕಾಂಕಾರ್ಡ್ 1969ರ ಏಪ್ರಿಲ್ 9ರಂದು ಹಾರಿದ್ದು ಅಲ್ಲಿಂದ. ಕಾಂಕಾರ್ಡ್‌ಗಳ ಕಟ್ಟಕಡೆಯ ಹಾರಾಟ ಇಳಿದದ್ದೂ ಅಲ್ಲೇ, 2003ರ ನವೆಂಬರ್ 26ರಂದು.

ಅಲ್ಲಿ ರೂಪುಗೊಂಡ ಆರ್ಫಿಯಸ್ ಜೆಟ್ ಎಂಜಿನ್ನನ್ನು ಬೆಂಗಳೂರಿನ ಎಚ್‌ಎಎಲ್ ಪರವಾನಗಿ ಪಡೆದು ತಯಾರಿಸಿತು. ನ್ಯಾಟ್ ಯುದ್ಧವಿಮಾನಕ್ಕೆ ಅದೇ ಎಂಜಿನ್. 1961ರ ಜೂನ್‌ನಲ್ಲಿ ಬೆಂಗಳೂರಿನ ಮೇಲೆ ಹಾರಿದ ಮಾರುತ್ ವಿಮಾನಕ್ಕೆ ಅಂಥವು ಎರಡು. ಇನ್ನೂ ಬಲವಾದ ಎಂಜಿನ್ ಸಿಗದೆ ಮಾರುತ್ ತಾನು ಮುಟ್ಟಬೇಕಿದ್ದ ವೇಗ ಮುಟ್ಟಲಿಲ್ಲ ಎಂಬ ಕೊರಗು ಉಳಿಯಿತು. ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಮ್ಮಿನಲ್ಲಿ ಮಾರುತ್ ನೋಡಿದ್ದರೆ, ಅದರೊಳಗಿನ ಎಂಜಿನ್ನಿನ ತವರು ಈ ಊರು.

ನಿಜವಾದ ಬಂದರು ಈಗ ಎಲ್ಲಿದೆ?

ಅಳಿವೆಯ ಬಾಯಲ್ಲಿ. 1877ರಲ್ಲಿ ಏವನ್‌ಮೌತ್ ಡಾಕ್, 1908ರಲ್ಲಿ ಅದರ ದೊಡ್ಡ ವಿಸ್ತರಣೆ, 1970ರ ದಶಕದಲ್ಲಿ ನದಿಯ ಆಚೆ ದಡದಲ್ಲಿ ರಾಯಲ್ ಪೋರ್ಟ್‌ಬರಿ ಡಾಕ್. ಕಾರುಗಳು, ಧಾನ್ಯ, ಇಂಧನ ಇಳಿಯುವುದು ಅಲ್ಲಿ. ಊರೊಳಗಿನ ಬಂದರು 1975ರಲ್ಲಿ ವಾಣಿಜ್ಯ ಹಡಗುಗಳಿಗೆ ಮುಚ್ಚಿತು.

ಕೆಲಸವಿಲ್ಲದ ಆ ಕ್ರೇನುಗಳನ್ನು ಏಕೆ ಇಟ್ಟುಕೊಂಡಿದ್ದಾರೆ?

ಎಂ ಶೆಡ್ ಮುಂದಿನ ನಾಲ್ಕು ವಿದ್ಯುತ್ ಕ್ರೇನುಗಳು 1951ರವು. ಗುಜರಿಗೆ ಹೋಗಬೇಕಿದ್ದ ಅವನ್ನು ಊರಿನ ಜನ ಹಟ ಹಿಡಿದು ಉಳಿಸಿದರು. ಬಂದರಿನ ಭಾಗಗಳನ್ನೇ ಮುಚ್ಚಿ ದೊಡ್ಡ ರಸ್ತೆ ಮಾಡುವ ಯೋಜನೆಯನ್ನೂ ಅದೇ ಕಾಲದಲ್ಲಿ ಜನರೇ ತಡೆದರು. ಹತ್ತಿರವೇ 1878ರ ಉಗಿ ಕ್ರೇನ್ ಇದೆ, ಕೊಕ್ಕರೆಯ ಕತ್ತಿನ ಹಾಗೆ ಬಾಗಿದ ಕಬ್ಬಿಣ. ಕೆಲವು ವಾರಾಂತ್ಯಗಳಲ್ಲಿ ಸ್ವಯಂಸೇವಕರು ಹಳೆಯ ಯಂತ್ರಗಳನ್ನು ಓಡಿಸುತ್ತಾರೆ. ಕೈಗೆ ಗ್ರೀಸ್ ಹತ್ತಿಸಿಕೊಂಡ ಅಜ್ಜಂದಿರು ಸಿಗುತ್ತಾರೆ, ಮಾತಾಡಿಸಿ, ಖುಷಿಪಡುತ್ತಾರೆ.

ಇಲ್ಲಿ ಭಾರತೀಯರ ನೆನಪುಗಳೇನಿವೆ?

ರಾಜಾ ರಾಮಮೋಹನ ರಾಯರು 1833ರ ಸೆಪ್ಟೆಂಬರ್ 27ರಂದು ಕೊನೆಯುಸಿರೆಳೆದದ್ದು ಬ್ರಿಸ್ಟಲ್‌ನಲ್ಲಿ. ಸಮಾಧಿ ಆರ್ನೋಸ್ ವೇಲ್ ಸ್ಮಶಾನದಲ್ಲಿ, ಬಂಗಾಳದ ಛತ್ರಿಯ ಮಾದರಿಯಲ್ಲಿದೆ. ಕಾಲೇಜ್ ಗ್ರೀನ್‌ನಲ್ಲಿ ಪ್ರತಿಮೆಯೂ ಇದೆ.

1963ರಲ್ಲಿ ಇಲ್ಲಿನ ಬಸ್ ಕಂಪನಿ ಕಪ್ಪುಜನರಿಗೆ, ಏಷ್ಯಾದವರಿಗೆ ಡ್ರೈವರ್, ಕಂಡಕ್ಟರ್ ಕೆಲಸ ಕೊಡುತ್ತಿರಲಿಲ್ಲ. ಪಾಲ್ ಸ್ಟೀಫನ್‌ಸನ್ ಮತ್ತು ಕೆರಿಬಿಯನ್ ಮೂಲದ ಗೆಳೆಯರ ಕರೆಗೆ ಜನ ತಿಂಗಳುಗಟ್ಟಲೆ ಬಸ್ ಹತ್ತಲಿಲ್ಲ. ಆಗಸ್ಟ್ 28ರಂದು ಕಂಪನಿ ಮಣಿಯಿತು. ಆ ಹೋರಾಟದ ಫಲವಾಗಿ ಬಿಳಿಯರಲ್ಲದವರಲ್ಲಿ ಮೊದಲು ಕಂಡಕ್ಟರ್ ಆದವರು ರಘಬೀರ್ ಸಿಂಗ್, ಒಬ್ಬ ಸಿಖ್. ಇಲ್ಲಿಯ ಬಸ್ಸಿನಲ್ಲಿ ಪ್ರತಿ ಸಲ ಕೂರುವಾಗ ನನಗೆ ಅವರ ನೆನಪಾಗುತ್ತದೆ.

ಒಂದೇ ದಿನ ಇರುವುದು, ಏನು ನೋಡಲಿ?

ಮೊದಲು ಉಬ್ಬರವಿಳಿತದ ವೇಳಾಪಟ್ಟಿ ನೋಡಿ. ಬೆಳಗ್ಗೆ ಟೆಂಪಲ್ ಮೀಡ್ಸ್ ನಿಲ್ದಾಣದಿಂದ ರೆಡ್‌ಕ್ಲಿಫ್ ಮೇಲೆ ಹಾದು ಎಂ ಶೆಡ್, ಅಲ್ಲಿಂದ ದಂಡೆಗುಂಟ ಹಡಗಿನವರೆಗೆ, ಮುಂದೆ ಅಂಡರ್‌ಫಾಲ್ ಯಾರ್ಡ್. ಎಲ್ಲ ಸಮತಟ್ಟು, ಮಂಡಿ ನೋವಿರುವ ಹಿರಿಯರೂ ನಿಧಾನಕ್ಕೆ ನಡೆಯಬಹುದು. ಕ್ಲಿಫ್ಟನ್ ಸೇತುವೆಗೆ ಮಾತ್ರ ಕಡಿದಾದ ಏರು, ಬಸ್ ಹಿಡಿಯಿರಿ.

ಇಳಿತದ ಹೊತ್ತಿಗೆ ಸರಿಯಾಗಿ ನ್ಯೂ ಕಟ್ ದಂಡೆಯಲ್ಲಿರಿ. ಕೆಸರಿನ ಇಳಿಜಾರಿನಲ್ಲಿ ಸಣ್ಣ ಝರಿಯಂಥ ನೀರು, ಎರಡೂ ಕಡೆ ಕೆಂಪು ಬಂಡೆ. ಒಂದೆರಡು ತಾಸು ಬಿಟ್ಟು ಮತ್ತೆ ಬನ್ನಿ. ನೀರು ಕಡಲಿನ ಕಡೆಯಿಂದ ಊರಿನ ಕಡೆಗೆ, ಹೊಳೆ ಹಿಂದಕ್ಕೆ ಹರಿಯುವ ಹಾಗೆ, ಬರುತ್ತಿರುತ್ತದೆ.